ವ್ಯಾನ್ ಹೇಗೂ ಖಾಲಿ ಹೋಗುತ್ತದೆ

ಕಂಪನಿಗಳೇ ತಮ್ಮ ಹಳೆ ಪ್ಲಾಸ್ಟಿಕ್ ವಾಪಸ್ ಪಡೆದು ಮರುಬಳಕೆ ಮಾಡಬೇಕು ಅಂತ ಬರೆದಿದ್ದೀರಿ. ಸರಿ. ಕೊಡಗಿನಲ್ಲಿ ಒಡೆದ ಬಕೆಟ್, ಶಾಂಪೂ ಬಾಟಲಿಗಳನ್ನು ಗುಜರಿಯವರು ಖುಷಿಯಿಂದ ಒಯ್ಯುತ್ತಾರೆ. ಸ್ಯಾಶೆ, ಅಂದರೆ ಶಾಂಪೂ ಬರುವ ಆ ಸಣ್ಣ ಪೊಟ್ಟಣ, ಮಾತ್ರ ಯಾರಿಗೂ ಬೇಡ. ಬೇರೆಬೇರೆ ಪದರ ಅಂಟಿಸಿರುತ್ತಾರೆ, ಬಿಡಿಸುವುದು ಕಷ್ಟ. ಸಂಗ್ರಹಿಸಿದರೂ ಎಷ್ಟೋ ಸಲ ಸಿಮೆಂಟ್ ಕಾರ್ಖಾನೆಗೆ ಉರುವಲು, ಅಷ್ಟೇ. ತೋಟದ ಕಾರ್ಮಿಕರ ಲೈನ್‌ಮನೆಗಳ ಹಿಂದಿನ ತೋಡು ನೋಡಿ. ಮಳೆಗಾಲದಲ್ಲಿ ಅದೆಲ್ಲ ಕಾವೇರಿಗೇ.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಉತ್ಪಾದಕರ ಹೊಣೆ ಇದೆ, 2022ರಲ್ಲಿ ಇಷ್ಟಿಷ್ಟು ಅಂತ ಗುರಿಯನ್ನೂ ಕೊಟ್ಟರು. ಆದರೆ ಬೇರೆಯವರು ಮರುಬಳಕೆ ಮಾಡಿದ್ದರ ಸರ್ಟಿಫಿಕೇಟ್ ಕೊಂಡೂ ಲೆಕ್ಕ ತುಂಬಿಸಬಹುದು ಅಲ್ವಾ? ಮತ್ತೆ ಕಂಪನಿಯವರು ಈ ಘಟ್ಟಕ್ಕೆ ಸುಮ್ನೆ ಯಾಕೆ ಬರುತ್ತಾರೆ! ಗೋಣಿಕೊಪ್ಪದ ಅಂಗಡಿಗೆ ಸಾಮಾನು ಇಳಿಸಿದ ವ್ಯಾನ್ ಖಾಲಿಯೇ ವಾಪಸ್ ಹೋಗುತ್ತದೆ. ಅದರಲ್ಲೇ ಸ್ಯಾಶೆ ತುಂಬಿಸಲಿ, ಅಂಗಡಿಯವರಿಗೆ ಕೆಜಿಗಿಷ್ಟು ಅಂತ ಕೊಡಲಿ.