ಸಿರಪ್ ಬದಲಿಸುವ ಮೊದಲು ಒಮ್ಮೆ ಊದಿಸಿ ನೋಡಿ

ಮಂಗಳೂರಿನಲ್ಲಿ ಮಳೆ ಹಿಡಿದರೆ ಸಾಕು, ಮಕ್ಕಳ ಕೆಮ್ಮು ಶುರು. ಬಟ್ಟೆ ಒಣಗುವುದು ಮನೆಯೊಳಗೆ, ಗೋಡೆಯಲ್ಲಿ ಬೂಸ್ಟು, ಹತ್ತಿ ಹಾಸಿಗೆಯಲ್ಲಿ ತೇವ. ಧೂಳಿನ ಹುಳಗಳಿಗೆ ಇನ್ನೇನು ಬೇಕು? ರಾತ್ರಿ ಕೆಮ್ಮು, ಓಡಿದರೆ ಕೆಮ್ಮು, ಜೋರಾಗಿ ನಕ್ಕರೂ ಕೆಮ್ಮು. "ದಮ್ಮು ಇರಬಹುದಾ?" ಅಂತ ಕೇಳಿದರೆ ಮನೆಯ ಹಿರಿಯರು "ಬಿಡ್ತು ಅನ್ನು" ಅನ್ನುತ್ತಾರೆ. ಮತ್ತೊಂದು ಸಿರಪ್ ಬರುತ್ತದೆ.

ಶಾಲೆಗೆ ಹೋಗುವ ಮಗುವಿಗೆ ಅಸ್ತಮಾ ಇದೆ ಅಂತಾಗಲಿ, ಇಲ್ಲ ಅಂತಾಗಲಿ ಬರೀ ಅಂದಾಜಿನಲ್ಲಿ ಹೇಳಬಾರದು. ಅಳೆದು ನೋಡಬೇಕು. 5-6 ವರ್ಷ ದಾಟಿದ ಹೆಚ್ಚಿನ ಮಕ್ಕಳು ಸ್ಪೈರೋಮೆಟ್ರಿ, ಅಂದರೆ ಕೊಳವೆಯಲ್ಲಿ ಜೋರಾಗಿ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡಬಲ್ಲರು.

ಅಕ್ಕನ ಮಗಳಿಗೆ ಮಾಡಿಸುವಾಗ ನಾನೂ ಇದ್ದೆ. ಮೂಗಿಗೆ ಕ್ಲಿಪ್, ಬಾಯಲ್ಲಿ ಕೊಳವೆ, ಪರದೆ ಮೇಲೆ ಸಾಲಾಗಿ ಕ್ಯಾಂಡಲ್. "ಊದು ಊದು ಊದು, ಇನ್ನೂ ಊದು ಪುಟ್ಟಿ!" ಕ್ಯಾಂಡಲ್ ಎಲ್ಲ ಆರಿದವು. ರಿಪೋರ್ಟ್ ನಾರ್ಮಲ್. ಅಕ್ಕನಿಗೆ ಖುಷಿಯೋ ಖುಷಿ. ಆದರೆ ಡಾಕ್ಟರು ಅಲ್ಲಿಗೇ ಬಿಡಲಿಲ್ಲ. ಟ್ರೆಡ್‌ಮಿಲ್ ಮೇಲೆ ಚೆನ್ನಾಗಿ ಓಡಿಸಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಊದಿಸಿದರು. ಆಗ ಉಸಿರಿನ ಅಳತೆ ಇಳಿಯಿತು. ಪಂಪ್ (ಇನ್‌ಹೇಲರ್) ಕೊಟ್ಟ ಮೇಲೆ ಏರಿತು.

ಅಸ್ತಮಾದಲ್ಲಿ ಶ್ವಾಸನಾಳ ಸದಾ ಬಿಗಿದೇ ಇರುವುದಿಲ್ಲ. ಆರಾಮಾಗಿರುವ ದಿನ ಊದಿಸಿದರೆ ಎಲ್ಲ ಸರಿಯಾಗಿಯೇ ಕಾಣಬಹುದು. ಅದಕ್ಕೇ ಕೆಣಕಿ ನೋಡುವುದು. ಓಟದಿಂದ ಕೆಣಕುವುದು ಒಂದು ದಾರಿ. ಇನ್ನೊಂದು ಮೆಥಾಕೋಲಿನ್, ಉಸಿರಲ್ಲಿ ಎಳೆದರೆ ಶ್ವಾಸನಾಳವನ್ನು ಬಿಗಿಸುವ ಮದ್ದು. ತೀರಾ ಕಡಿಮೆ ಪ್ರಮಾಣದಿಂದ ಶುರು ಮಾಡಿ, ಹಂತಹಂತವಾಗಿ ಏರಿಸಿ, ಪ್ರತಿ ಸಲವೂ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 20% ಕುಸಿದರೆ ನಿಲ್ಲಿಸಿ, ನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಡುತ್ತಾರೆ. ಸ್ವಲ್ಪ ಮದ್ದಿಗೇ ಕುಸಿದರೆ ನಾಳ ತುಂಬಾ ಸೂಕ್ಷ್ಮ ಅಂತ ಅರ್ಥ. ಅಲರ್ಜಿ ಶೀತ ಇರುವ ಮಕ್ಕಳಲ್ಲೂ ಹೀಗಾಗಬಹುದು, ಹಾಗಾಗಿ ಇದೊಂದರಿಂದಲೇ ತೀರ್ಮಾನವಿಲ್ಲ. ಆದರೆ ಕುಸಿಯದೇ ಇದ್ದರೆ ಅಸ್ತಮಾ ಅನುಮಾನ ಬಹಳ ಕಡಿಮೆಯಾಗುತ್ತದೆ. ಸುಮ್ನೆ ವರ್ಷಗಟ್ಟಲೆ ಪಂಪ್ ಎಳೆಯುವುದು ತಪ್ಪುತ್ತದೆ. ಬೇರೆ ಕಾರಣ ಹುಡುಕಬಹುದು. ನನಗೆ ಇದು ಅಷ್ಟೇ ದೊಡ್ಡ ಲಾಭ.

ಎಲ್ಲ ಮಕ್ಕಳಿಗೂ ಈ ಕೆಣಕುವ ಪರೀಕ್ಷೆ ಬೇಕಿಲ್ಲ. ಬ್ರಿಟನ್ನಿನ 2024ರ ಮಾರ್ಗಸೂಚಿಯೂ ಉಳಿದ ಪರೀಕ್ಷೆಗಳ ನಂತರವೂ ಅನುಮಾನ ಉಳಿದರೆ ಮಕ್ಕಳ ತಜ್ಞರ ಹತ್ತಿರ ಕಳಿಸಿ, ಇದರ ಬಗ್ಗೆ ಯೋಚಿಸಿ ಅನ್ನುತ್ತದೆ. ಕಂಕನಾಡಿಯಿಂದ ದೇರಳಕಟ್ಟೆವರೆಗೆ ಇಷ್ಟೊಂದು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಕೇಳುವುದಕ್ಕೆ ಸಂಕೋಚ ಯಾಕೆ?

ಪರೀಕ್ಷೆಗೆ ಮೊದಲು ಯಾವ ಔಷಧಿ ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಅಷ್ಟರಲ್ಲಿ ಮಗುವಿಗೆ ಉಬ್ಬಸ ಬಂದರೆ ಮಾತ್ರ ಪಂಪ್ ಕೊಟ್ಟುಬಿಡಿ. ಪರೀಕ್ಷೆ ಇನ್ನೊಂದು ದಿನ ಮಾಡಿಸಬಹುದು.