ಅಮ್ಮನ ಚಪಾತಿ ಮತ್ತು ಕೊಳದ ಗೇಟರ್

ಅಪ್ಪ-ಅಮ್ಮನನ್ನು ಊರಿಂದ ಫ್ಲೋರಿಡಾಕ್ಕೆ ಕರೆಸಿಕೊಳ್ಳುವ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಅವರಿಗೆ ಒಂದು ಮಾತು ಹೇಳಿಬಿಡಿ: ಮನೆ ಹಿಂದಿನ ಕೊಳಕ್ಕೆ ಏನನ್ನೂ ಹಾಕಬೇಡಿ. ಅನ್ನ, ಬ್ರೆಡ್ಡು, ಚಪಾತಿ, ಏನನ್ನೂ.

ನಾನು ಹೇಳಿರಲಿಲ್ಲ. ಅಮ್ಮ ಕೊಪ್ಪದ ಕಡೆಯವಳು. ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವಳು. ನಮ್ಮ ಬಡಾವಣೆಯ ಕೊಳದಲ್ಲಿ ಆಮೆಗಳು ತಲೆ ಎತ್ತಿದ್ದು ಕಂಡದ್ದೇ ತಡ, ರಾತ್ರಿ ಮಿಕ್ಕ ಚಪಾತಿಯನ್ನು ಚೂರು ಮಾಡಿಕೊಂಡು ಹೊರಟಳು. ಎರಡು ವಾರ ಆಮೆಗಳು ಮಾತ್ರ ಬಂದವು. ಮೂರನೇ ವಾರ ಆಮೆಗಳ ಹಿಂದೆ ಗೇಟರ್ ಬಂತು.

ಇಲ್ಲಿನವರು ಗೇಟರ್ ಅನ್ನುವುದು ಅಲಿಗೇಟರನ್ನು. ನಮ್ಮ ಕಾವೇರಿ, ಕಾಳಿ ನದಿಗಳ ಮೊಸಳೆಯ ದೂರದ ನೆಂಟ. ಇದು ಏಳಡಿ ಉದ್ದ ಇತ್ತು. ಮೊದಮೊದಲು ಕೊಳದ ನಡುವೆ ಎರಡು ಕಣ್ಣು, ಒಂದು ಮೂಗು, ಅಷ್ಟೇ ಕಾಣುತ್ತಿತ್ತು. ಬರಬರುತ್ತಾ ಅಮ್ಮನ ಚಪ್ಪಲಿ ಸದ್ದು ಕೇಳಿದರೆ ಸಾಕು, ದಡಕ್ಕೇ ಬಂದು ನಿಲ್ಲುತ್ತಿತ್ತು. ನಾನು ಗಾಬರಿಯಾಗಿ ಕೂಗಿದರೆ ಅಮ್ಮ, "ಪಾಪ ಕಣೇ, ಏನೂ ಮಾಡಲ್ಲ ಅದು. ಅನಂತಪುರದ ಮೊಸಳೆ ಬಬಿಯಾ ದೇವಸ್ಥಾನದ ಅನ್ನ ತಿಂದ್ಕೊಂಡೇ ಇರ್ಲಿಲ್ವಾ?" ಅಂದಳು.

ಬಬಿಯಾ ನನಗೂ ಗೊತ್ತು. ಕಾಸರಗೋಡಿನ ಕುಂಬಳೆ ಹತ್ತಿರದ ಆ ಕೆರೆ ದೇವಸ್ಥಾನಕ್ಕೆ ಚಿಕ್ಕಂದಿನಲ್ಲಿ ಹೋಗಿದ್ದೇನೆ. 2022ರ ಅಕ್ಟೋಬರಿನಲ್ಲಿ ಅದು ಸತ್ತ ಸುದ್ದಿ ಓದಿ ಕಣ್ಣು ತುಂಬಿಕೊಂಡವಳು ನಾನು. ಆದರೆ ಅದು ಒಂದು ಕೆರೆ, ಒಂದು ಮೊಸಳೆ, ಅದಕ್ಕೆಂದೇ ನೈವೇದ್ಯ ಹಾಕುವ ಅರ್ಚಕರು. ಇಲ್ಲಿನ ಕೊಳದ ದಡದಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತವೆ, ಜನ ನಾಯಿ ತಿರುಗಿಸುತ್ತಾರೆ. ಕಾಡಿನ ಗೇಟರ್ ಮನುಷ್ಯನನ್ನು ಕಂಡರೆ ತಾನಾಗಿ ದೂರ ಸರಿಯುತ್ತದೆ. ಮನುಷ್ಯ ಬಂದರೆ ತಿನ್ನಲು ಸಿಗುತ್ತದೆ ಅಂತ ಒಮ್ಮೆ ಕಲಿತರೆ ಆ ಅಂಜಿಕೆ ಹೋಯಿತು. ಆಮೇಲೆ ದಡಕ್ಕೆ ಯಾರು ಬಂದರೂ ಅದಕ್ಕೆ ಒಂದೇ. ಅದಕ್ಕೇ ಫ್ಲೋರಿಡಾದಲ್ಲಿ ಗೇಟರ್‌ಗೆ ತಿನ್ನಿಸುವುದು ಅಪರಾಧ.

ಪಕ್ಕದ ಮನೆಯವರು ಗೇಟರ್ ದೂರಿನ ಸಹಾಯವಾಣಿಗೆ ಫೋನ್ ಮಾಡಿದರು. ಅವರದು ತಪ್ಪಲ್ಲ, ಅವರಿಗೆ ಮೂರು ವರ್ಷದ ಮಗುವಿದೆ. ಹಿಡಿಯುವವನು ಬಂದ. ಕೊಕ್ಕೆ ಎಸೆದು, ಹಗ್ಗದಲ್ಲಿ ದಡಕ್ಕೆಳೆದು, ಕುತ್ತಿಗೆ ಮೇಲೆ ಮಂಡಿಯೂರಿ ಬಾಯಿಗೆ ಕಪ್ಪು ಟೇಪು ಸುತ್ತಿದ. ಆ ದವಡೆ ಮುಚ್ಚುವಾಗ ಎಷ್ಟು ಬಲವೋ ತೆರೆಯುವಾಗ ಅಷ್ಟು ಬಲಹೀನ. ಕರೆಂಟಿನ ವೈರ್‌ಗೆ ಸುತ್ತುವ ಟೇಪೇ ಸಾಕಾಗುತ್ತದೆ. ಟೇಪಿನೊಳಗಿಂದಲೂ ಅದು ಬುಸ್ ಬುಸ್ ಅನ್ನುತ್ತಿತ್ತು.

"ಇದನ್ನ ಎಲ್ಲಿ ಬಿಡ್ತಾರೆ?" ಅಂತ ಅಮ್ಮ ಕೇಳಿದಳು.

ಬಿಡುವುದಿಲ್ಲ. ನಾಲ್ಕಡಿ ಮೀರಿದ ಗೇಟರಿನ ಮೇಲೆ ದೂರು ಬಂದು ಅದನ್ನು ಹಿಡಿದರೆ ಸಾಮಾನ್ಯವಾಗಿ ಕೊಂದೇಬಿಡುತ್ತಾರೆ. ಬೇರೆಲ್ಲೋ ಬಿಟ್ಟರೆ ಹಳೇ ಜಾಗ ಹುಡುಕಿಕೊಂಡು ವಾಪಸ್ ಬರಲು ನೋಡುತ್ತದೆ. ಅಮ್ಮನಿಗೆ ಇದನ್ನು ಹೇಳುವಾಗ ನನ್ನ ನಾಲಿಗೆ ಹೊರಳಲಿಲ್ಲ. ಪ್ರೀತಿಯಿಂದ ಹಾಕಿದ ಚಪಾತಿಯೇ ಅದಕ್ಕೆ ಮುಳುವಾಯಿತು ಅಂತ ಎಪ್ಪತ್ತು ವರ್ಷದ ಜೀವಕ್ಕೆ ಹೇಗೆ ಹೇಳುವುದು?

ಎಂಟು ವರ್ಷದಿಂದ ಟ್ಯಾಂಪಾದ ಮೇಲ್ಭಾಗದಲ್ಲಿ ಹಿಲ್ಸ್‌ಬರೋ ನದಿಯಲ್ಲಿ ಕಯಾಕ್ ಅನ್ನುವ ಪುಟ್ಟ ದೋಣಿಗೆ ಹುಟ್ಟು ಹಾಕುತ್ತಿದ್ದೇನೆ. ಗೇಟರ್ ಕಾಣದೆ ವಾಪಸ್ ಬಂದ ದಿನವೇ ಕಡಿಮೆ. "ಹೆದರಿಕೆ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆಗಬೇಕು. ಆದರೆ ಲೆಕ್ಕವನ್ನೂ ನೋಡಿ. ಈ ರಾಜ್ಯದ 67 ಕೌಂಟಿಗಳಲ್ಲೂ ಗೇಟರ್ ಇವೆ, ಅಂದಾಜು 13 ಲಕ್ಷ. ಕೆಣಕದೆಯೂ ಕಚ್ಚಿ, ಆಸ್ಪತ್ರೆಗೆ ಹೋಗಬೇಕಾದ ಪ್ರಕರಣ ವರ್ಷಕ್ಕೆ ಸರಾಸರಿ ಎಂಟು. ಚರ್ಮಕ್ಕಾಗಿ ಬೇಟೆಯಾಡಿ 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದ ಪ್ರಾಣಿ ಇದು. 1987ರ ಹೊತ್ತಿಗೆ ಚೇತರಿಸಿಕೊಂಡು ಆ ಪಟ್ಟಿಯಿಂದ ಹೊರಬಂತು. ಅದರ ಮನೆಗೆ ಹೋಗುವವಳು ನಾನು, ತಗ್ಗಬೇಕಾದವಳೂ ನಾನೇ.

ದಡದಲ್ಲಿ ಬಿಸಿಲು ಕಾಯುತ್ತಿದ್ದರೆ ಆಚೆ ದಡಕ್ಕೆ ಸರಿದು ಹೋಗುತ್ತೇನೆ. ಅದಕ್ಕೂ ನೀರಿಗೂ ನಡುವೆ ದೋಣಿ ತರುವುದಿಲ್ಲ, ಹೆದರಿದಾಗ ಅದು ಧುಮುಕುವುದು ನೀರಿಗೇ. ಕಣ್ಣಿಗೆ ಕಾಣದ ತಿರುವು ಬಂದರೆ ಹುಟ್ಟಿನಿಂದ ದೋಣಿಯ ಅಂಚಿಗೆ ಎರಡು ಸಲ ಬಡಿಯುತ್ತೇನೆ, ನಾನು ಬರುತ್ತಿರುವುದು ಅದಕ್ಕೆ ತಿಳಿಯಲಿ. ಕೈ ಇಳಿಬಿಡುವುದಿಲ್ಲ. ನಾಯಿಯನ್ನು ಕರೆದೊಯ್ಯುವುದಿಲ್ಲ. ಸಂಜೆಗತ್ತಲಿಗೆ ಮುಂಚೆ ದಡ ಸೇರುತ್ತೇನೆ, ಅದರ ಬೇಟೆಯ ಹೊತ್ತು ಅದು. ನನಗೆ ಹೆಚ್ಚು ಭಯ ಇರುವುದು ಮಾತ್ರ ಆಳವಿಲ್ಲದ ನೀರಿನದು. 2025ರ ಮೇನಲ್ಲಿ ಕಿಸಿಮಿ ಸರೋವರದ ಬಳಿ ಗಂಡ-ಹೆಂಡತಿ ಹೋಗುತ್ತಿದ್ದ ಕನೂ ದೋಣಿ, ಎರಡೂವರೆ ಅಡಿ ನೀರಿನಲ್ಲಿ ಮಲಗಿದ್ದ ದೊಡ್ಡ ಗೇಟರಿನ ಮೇಲೇ ಹಾದುಹೋಯಿತು. ಅದು ಬೆಚ್ಚಿ ಮೈ ಕೊಡವಿದ ರಭಸಕ್ಕೆ ಕನೂ ಮಗುಚಿತು, ನೀರಿಗೆ ಬಿದ್ದ ಹೆಂಡತಿಯನ್ನು ಗೇಟರ್ ಕಚ್ಚಿತು, ಆಕೆ ಉಳಿಯಲಿಲ್ಲ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅಂದಿನಿಂದ ಹುಟ್ಟು ನೆಲಕ್ಕೆ ತಾಗುವಷ್ಟು ನೀರಿದ್ದರೆ ನಾನು ಆ ಕಡೆ ಹೋಗುವುದೇ ಇಲ್ಲ.

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಜೋಪಾನ. ಹುಲ್ಲು, ಕೆಸರು ಸೇರಿಸಿ ತಾಯಿ ಗೂಡು ಕಟ್ಟಿರುತ್ತದೆ, ನೋಡಲು ನಮ್ಮ ಕೊಟ್ಟಿಗೆ ಹಿಂದಿನ ದರಗಿನ ರಾಶಿಯ ಹಾಗೆ. ಅದು ಕೊಳೆಯುವ ಕಾವಿಗೇ ಮೊಟ್ಟೆ ಬಲಿಯುತ್ತವೆ. ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ. ಬುಸುಗುಟ್ಟಿದರೆ ಸಿಟ್ಟಾಗಬೇಡಿ, ಫೋಟೋ ಬೇಡ, ಹಿಂದಕ್ಕೆ ಹುಟ್ಟು ಹಾಕಿ.

ಆದರೆ ಇಷ್ಟೆಲ್ಲ ಎಚ್ಚರ ವಹಿಸಿದರೂ ದೋಣಿ ಇಳಿಸುವ ಜಾಗದಲ್ಲಿ ಯಾರೋ ಮೀನು ಹೆಚ್ಚಿ ತಲೆ-ಕರುಳನ್ನು ನೀರಿಗೆಸೆದು ಹೋಗಿರುತ್ತಾರೆ. ನನಗೆ ಮೈ ಉರಿಯುವುದು ಅಲ್ಲಿ. ಅವರು ಹಾಕಿದ ಕೈತುತ್ತಿಗೆ ಬಂದ ಗೇಟರ್, ಮರುದಿನ ನನ್ನ ಕಯಾಕ್ ಕಂಡರೂ ಸರಿಯದೆ ಎದುರಿಗೇ ಬರುತ್ತದೆ.

ಅಮ್ಮ ಈಗ ಕೊಪ್ಪದಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು, "ಕೊಳಕ್ಕೆ ಇನ್ನೊಂದು ಬಂತೇನೇ?"

ಬಂದಿದೆ, ಮೂರಡಿಯ ಮರಿ, ನಾನು ಹಿಂಬಾಗಿಲು ತೆಗೆದ ಸದ್ದಿಗೇ ನೀರೊಳಗೆ ಜಾರಿಕೊಳ್ಳುತ್ತದೆ ಅಂದೆ.

"ಹಂಗೇ ಇರ್ಲಿ ಬಿಡು ಅದು," ಅಂದಳು.