ಜಾಕ್ಸನ್ ಹಾಲಿಡೇ ಕೆಳಗಿಳಿದು ಬಂದ ಮೂರು ತಿಂಗಳು

34 ಸಲ ಬ್ಯಾಟಿಂಗ್. ಹೊಡೆದು ಬೇಸ್ ತಲುಪಿದ್ದು, ಅಂದರೆ ಹಿಟ್, ಬರೀ 2. ಮೂರು ಸ್ಟ್ರೈಕ್ ಆಗಿ ಔಟಾಗಿದ್ದು, ಅಂದರೆ ಸ್ಟ್ರೈಕ್‌ಔಟ್, 18.

2024ರ ಏಪ್ರಿಲ್‌ನಲ್ಲಿ ಇಷ್ಟನ್ನೇ ನೋಡಿ ಜನ ಬೇಸ್‌ಬಾಲ್ ಆಟಗಾರ ಜಾಕ್ಸನ್ ಹಾಲಿಡೇ ಕಥೆ ಮುಗೀತು ಅಂತ ಬರೆದರು. ಆಗ ಅವನಿಗೆ 20 ವರ್ಷ. ಅಮೆರಿಕದ ಅತಿ ಮೇಲಿನ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಆ ಹೊತ್ತಿಗೆ ಎಲ್ಲರಿಗಿಂತ ಚಿಕ್ಕವರ ಸಾಲಿನಲ್ಲಿ ಅವನೂ ಒಬ್ಬ. ಆ ಮಾತುಗಳನ್ನು ಓದಿದಾಗ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದಕ್ಕೇ ಈ ಬರಹ.

ನಾವಿರುವುದು ವರ್ಜೀನಿಯಾದ ನಾರ್ಫೋಕ್ ಪಕ್ಕದಲ್ಲಿ. ಕ್ರಿಕೆಟ್ ನೋಡಿಕೊಂಡೇ ಬೆಳೆದ ನನಗೆ ಇಲ್ಲಿ ಬೇಸ್‌ಬಾಲ್ ಹತ್ತಿರವಾಗಿದ್ದು ಮಗಳಿಂದ. ಊರಿನ ತಂಡ ನಾರ್ಫೋಕ್ ಟೈಡ್ಸ್. ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಹೋಗುವ ಮುಂಚಿನ ಕೊನೆಯ ಮೆಟ್ಟಿಲು ಇದು. ಇದಕ್ಕೆ ಟ್ರಿಪಲ್ ಎ ಅಂತಾರೆ. ಟಿಕೆಟ್ ಕೈಗೆಟುಕುತ್ತದೆ, ಎಲಿಜಬೆತ್ ನದಿ ದಡದಲ್ಲೇ ಮೈದಾನ, ಸಂಜೆ ಗಾಳಿ ಚೆನ್ನಾಗಿರುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಜಾಕ್ಸನ್ ಒಕ್ಲಹೋಮದ ಸ್ಟಿಲ್‌ವಾಟರ್ ಹುಡುಗ. ಅಪ್ಪ ಮ್ಯಾಟ್ ಹಾಲಿಡೇ ಏಳು ಸಲ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದವರು, 2011ರಲ್ಲಿ ಕಾರ್ಡಿನಲ್ಸ್ ತಂಡದ ಜೊತೆ ಮೇಜರ್ ಲೀಗ್ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದವರು. ಮಗ ಹೈಸ್ಕೂಲಿನ ಕೊನೆಯ ವರ್ಷ 89 ಹಿಟ್ ಹೊಡೆದು ರಾಷ್ಟ್ರೀಯ ದಾಖಲೆ ಮಾಡಿದ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2022ರ ಡ್ರಾಫ್ಟ್‌ನಲ್ಲಿ ಓರಿಯೋಲ್ಸ್ ಎಲ್ಲರಿಗಿಂತ ಮೊದಲು ಆರಿಸಿದ್ದು ಇವನನ್ನೇ. ಸಹಿ ಹಾಕಿದ್ದಕ್ಕೆ ಬೋನಸ್ 81.9 ಲಕ್ಷ ಡಾಲರ್. ಮರುವರ್ಷ ಡೆಲ್ಮಾರ್ವಾ, ಅಬರ್ಡೀನ್, ಬೋವಿ, ನಾರ್ಫೋಕ್ ಅಂತ ನಾಲ್ಕು ಮೆಟ್ಟಿಲನ್ನು ಒಂದೇ ಸೀಸನ್‌ನಲ್ಲಿ ಹತ್ತಿಬಿಟ್ಟ. ಸರಾಸರಿ .323, ಅಂದರೆ ಸಾವಿರ ಸಲಕ್ಕೆ 323 ಹಿಟ್ ಲೆಕ್ಕ. ಸಾಮಾನ್ಯವಾಗಿ ಹುಡುಗರಿಗೆ ಇದಕ್ಕೆ ಮೂರು ನಾಲ್ಕು ವರ್ಷ ಬೇಕು.

2024ರ ಏಪ್ರಿಲ್ 10ಕ್ಕೆ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಮೊದಲ ಪಂದ್ಯ. ಬೆನ್ನ ಮೇಲೆ ನಂಬರ್ 7. ಅದು ಬಾಲ್ಟಿಮೋರ್‌ನಲ್ಲಿ ತಂಡದ ಹಿಂದಿನ ಕೋಚ್, ಮ್ಯಾನೇಜರ್ ಕ್ಯಾಲ್ ರಿಪ್ಕನ್ ಸೀನಿಯರ್ ಹಾಕುತ್ತಿದ್ದ ನಂಬರ್. ರಿಪ್ಕನ್ ಮನೆಯವರು ಖುಷಿಯಿಂದ ಒಪ್ಪಿದ ಮೇಲೆ ಇವನಿಗೆ ಕೊಟ್ಟರು. ಅಂದರೆ ಮೊದಲ ದಿನವೇ ಹೆಗಲ ಮೇಲೆ ಎಷ್ಟು ಭಾರ ಬಿತ್ತು ನೋಡಿ.

ಮೊದಲ ಹಿಟ್ ಬರಲು ನಾಲ್ಕು ದಿನ ಬೇಕಾಯಿತು. ಚೆಂಡು ಎಸೆಯುವ ಪಿಚರ್‌ಗಳು ಬೇಗ ಓದಿಕೊಂಡರು, ಎಲ್ಲಿ ಎಸೆದರೆ ಇವನು ಬೀಸಿ ತಪ್ಪುತ್ತಾನೆ ಅಂತ. ಇನ್ನೊಂದು ವಿಷಯ ಜಾಸ್ತಿ ಜನ ಹೇಳಲಿಲ್ಲ. ಆ ವರ್ಷದ ಮೊದಲರ್ಧದಲ್ಲಿ ಟ್ರಿಪಲ್ ಎ ಪಂದ್ಯಗಳಲ್ಲಿ ವಾರದ ಕೆಲವು ದಿನ ಎಸೆತ ಸರಿಯಾದ ಜಾಗದಲ್ಲಿ ಬಂತೋ (ಸ್ಟ್ರೈಕ್) ಹೊರಗೆ ಹೋಯಿತೋ (ಬಾಲ್) ಅಂತ ಹೇಳುತ್ತಿದ್ದುದು ಯಂತ್ರ. ಮೇಲೆ ಹೋದರೆ ಆಗ ಬರೀ ಅಂಪೈರ್ ಕಣ್ಣು. ಒಂದು ಅಳತೆಗೆ ಒಗ್ಗಿದ ಕಣ್ಣನ್ನು ರಾತ್ರೋರಾತ್ರಿ ಇನ್ನೊಂದು ಅಳತೆಗೆ ತಿರುಗಿಸಬೇಕು. ಎಸೆತ ತಲುಪಲು ಅರ್ಧ ಸೆಕೆಂಡ್ ಕೂಡ ಹಿಡಿಯದ ಆಟದಲ್ಲಿ ಇದು ಸಣ್ಣ ಮಾತಲ್ಲ.

ಏಪ್ರಿಲ್ 26ಕ್ಕೆ ಅವನನ್ನು ನಾರ್ಫೋಕ್‌ಗೆ ವಾಪಸ್ ಕಳಿಸಿದರು.

ಅದು ಶಿಕ್ಷೆ ಅಂತ ಎಷ್ಟೋ ಜನ ಅಂದುಕೊಂಡರು. ನನ್ನ ಪ್ರಕಾರ ಓರಿಯೋಲ್ಸ್ ಆ ವರ್ಷ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಬೇಸ್‌ಬಾಲ್‌ನಲ್ಲಿ ನನಗೆ ತುಂಬ ಇಷ್ಟವಾಗುವುದೇ ಇದು. ಹತ್ತಿದ ಏಣಿಯನ್ನು ಇಳಿಯಬಹುದು, ಇಳಿದವನು ಮತ್ತೆ ಹತ್ತಬಹುದು. 1951ರಲ್ಲಿ, ಮುಂದೆ ದೊಡ್ಡ ಹೆಸರಾದ ಮಿಕ್ಕಿ ಮ್ಯಾಂಟಲ್‌ಗೂ ಹೀಗೇ ಆಗಿತ್ತು. ಅವನೂ ಒಕ್ಲಹೋಮದವನೇ. 19 ವರ್ಷಕ್ಕೆ ನ್ಯೂಯಾರ್ಕ್ ಯಾಂಕೀಸ್ ತಂಡ ಸೇರಿ, ಎಡವಿ, ಜುಲೈನಲ್ಲಿ ಕಾನ್ಸಾಸ್ ಸಿಟಿಯ ಕೆಳಗಿನ ಲೀಗ್ ತಂಡಕ್ಕೆ ಇಳಿದ. ನನ್ನ ಕೈಲಿ ಆಗಲ್ಲ ಅಂತ ಅಪ್ಪನಿಗೆ ಫೋನ್ ಮಾಡಿದ. ಅಪ್ಪ ಗಣಿ ಕೆಲಸಗಾರ. ನೇರ ಅವನಿದ್ದ ಹೋಟೆಲಿಗೆ ಬಂದು, ಸಮಾಧಾನ ಹೇಳುವುದು ಬಿಟ್ಟು ಮಗನ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದರಂತೆ. ಮನೆಗೆ ನಡಿ, ನನ್ನ ಜೊತೆ ಗಣಿಯಲ್ಲೇ ದುಡಿ ಅಂತ. ಹುಡುಗ ಹೋಗಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ನ್ಯೂಯಾರ್ಕ್ ಸೇರಿದ. ಇಳಿಯುವಾಗ ಅವನ ನಂಬರ್ 6 ಇತ್ತು, ಹತ್ತಿ ಬಂದಾಗ 7.

ಇದನ್ನೆಲ್ಲ ಯೋಚಿಸುವಾಗ ನನಗೆ ನಮ್ಮ ಕರುಣ್ ನಾಯರ್ ನೆನಪಾಗದೇ ಇರಲ್ಲ. 2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ಎದುರು ಔಟಾಗದೆ 303. ಅದಾದ ಮೇಲೆ ಆಸ್ಟ್ರೇಲಿಯಾ ಎದುರು ಮೂರೇ ಟೆಸ್ಟ್. ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ. ನಮ್ಮಲ್ಲಿ ರಣಜಿ ಇದೆ, ಏಣಿ ಇಲ್ಲ ಅಂತಲ್ಲ. ಆದರೆ ಇಳಿಸಿದವನಿಗೆ, ಇದನ್ನು ಸರಿ ಮಾಡಿಕೋ, ನಿನ್ನ ಮೇಲೆ ಕಣ್ಣಿಟ್ಟಿದ್ದೇವೆ ಅಂತ ಹೇಳುವವರು ಇರಬೇಕಲ್ವಾ? ಎಂಟು ವರ್ಷ ಅನ್ನುವುದು ಒಬ್ಬ ಬ್ಯಾಟ್ಸ್‌ಮನ್‌ನ ಅರ್ಧ ಆಯುಸ್ಸು.

ಜಾಕ್ಸನ್‌ಗೆ ಹಾಗೆ ಹೇಳುವವರಿದ್ದರು. ಮೇ ತಿಂಗಳ ಒಂದು ಸಂಜೆ ನಾವು ಟೈಡ್ಸ್ ಮೈದಾನ ಹಾರ್ಬರ್ ಪಾರ್ಕ್‌ಗೆ ಹೋಗಿದ್ದೆವು, ಮೂರನೇ ಬೇಸ್ ಕಡೆ ಸೀಟು. ಹೆಲ್ಮೆಟ್ ಕೆಳಗೆ ಹೊಂಬಣ್ಣದ ಕೂದಲು, ಮುಖದಲ್ಲಿ ಇನ್ನೂ ಹುಡುಗತನ. ಎಡಗೈ ಬ್ಯಾಟಿಂಗ್, ಹಾಗಾಗಿ ಅವನ ಮುಖ ನಮ್ಮ ಕಡೆಗೇ ಇತ್ತು. ಒಂದೊಂದು ಎಸೆತ ಆದಮೇಲೂ ಒಂದು ಹೆಜ್ಜೆ ಹೊರಗಿಟ್ಟು, ಬ್ಯಾಟಿನ ಗುರುತನ್ನೇ ದಿಟ್ಟಿಸಿ, ಉಸಿರು ಬಿಟ್ಟು, ಮತ್ತೆ ನಿಲ್ಲುತ್ತಿದ್ದ. ಹೊರಗೆ ಹೋಗುವುದನ್ನು ಮುಟ್ಟುತ್ತಿರಲಿಲ್ಲ. ಹೊರಗೆ ಹೋದ ನಾಲ್ಕು ಬಾಲ್ ಬಿಟ್ಟರೆ ಮೊದಲ ಬೇಸ್ ಪುಕ್ಕಟೆ, ಹಾಗೆ ಬಿಟ್ಟು ಸುಮ್ನೆ ಅಲ್ಲಿಗೆ ಓಡಿದ. ಚಪ್ಪಾಳೆ ತಟ್ಟುವಂಥದ್ದು ಏನೂ ಆಗಲಿಲ್ಲ, ಆದರೆ ಅವನು ಕಲಿಯುತ್ತಿದ್ದದ್ದು ಅದನ್ನೇ. "ಅಪ್ಪಾ, ಇವನು ಫೇಲ್ ಆಗಿ ಬಂದಿದ್ದಾ?" ಅಂತ ಮಗಳು ಕೇಳಿದಳು. ಇಲ್ಲ ಪುಟ್ಟಾ, ಓದಲು ಬಂದಿದ್ದಾನೆ ಅಂದೆ.

ಒಂದು ವಿಷಯ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಜಾಕ್ಸನ್‌ಗೆ ಸಿಕ್ಕ ಈ ಸಮಯ ಎಲ್ಲರಿಗೂ ಸಿಗಲ್ಲ. 81.9 ಲಕ್ಷ ಡಾಲರ್ ಸುರಿದ ತಂಡ ಅವನಿಗಾಗಿ ಕಾದೇ ಕಾಯುತ್ತದೆ. ಅದೇ ಲಾಕರ್ ರೂಮಿನಲ್ಲಿ, ಅವನ ಪಕ್ಕದಲ್ಲೇ, 27 ವರ್ಷದವನೊಬ್ಬ ಕೂತಿರುತ್ತಾನೆ. ಟ್ರಿಪಲ್ ಎ ಮತ್ತು ಅದರ ಕೆಳಗಿನ ಮೈನರ್ ಲೀಗ್ ಆಟಗಾರರು ಆಟಗಾರರ ಕಾರ್ಮಿಕ ಸಂಘಕ್ಕೆ ಸೇರಿದ್ದು 2022ರಲ್ಲಿ. 2023ರ ಒಪ್ಪಂದದಲ್ಲಿ ಟ್ರಿಪಲ್ ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯಿತು. ಅದಕ್ಕೂ ಮುಂಚೆ ಇನ್ನೂ ಕಡಿಮೆ. 2024ರಲ್ಲಿ ಮೇಲಿನ ಲೀಗ್‌ನ ಕನಿಷ್ಠ 7,40,000 ಡಾಲರ್. ನಡುವೆ ಇರುವುದು ಒಂದು ಫೋನ್ ಕರೆ ಮಾತ್ರ. ಆ ಕರೆ ಬಂದರೂ ಅವನಿಗೆ ಸಿಗುವುದು ನಾಲ್ಕೈದು ದಿನ. ಅವನು 34ರಲ್ಲಿ 2 ಹೊಡೆದರೆ ಮತ್ತೆ ಯಾರೂ ಕರೆಯಲ್ಲ.

ಕಾನರ್ ನಾರ್ಬಿಯನ್ನೇ ನೋಡಿ. ಅವನೂ ಜಾಕ್ಸನ್ ಹಾಗೆ ಸೆಕೆಂಡ್ ಬೇಸ್ ಜಾಗದಲ್ಲಿ ಆಡುವವನು, ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಆಯ್ಕೆಯಾದವನು. 2023ರಲ್ಲಿ ಇಲ್ಲೇ ನಾರ್ಫೋಕ್‌ನಲ್ಲಿ 21 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದ. ಆದರೂ 2024ರ ಜೂನ್‌ವರೆಗೆ ಕಾದ. ಓರಿಯೋಲ್ಸ್ ಪರ ಸಿಕ್ಕಿದ್ದು 9 ಪಂದ್ಯ. ಜುಲೈ 30ಕ್ಕೆ ಮಯಾಮಿ ತಂಡಕ್ಕೆ ಟ್ರೇಡ್ ಮಾಡಿದರು, ಅಂದರೆ ಬೇರೆ ಆಟಗಾರನಿಗೆ ಬದಲಾಗಿ ಕೊಟ್ಟರು. ಮಾರನೇ ದಿನವೇ ಜಾಕ್ಸನ್ ಬಾಲ್ಟಿಮೋರ್‌ಗೆ. ಇದರಲ್ಲಿ ಜಾಕ್ಸನ್ ತಪ್ಪು ಏನೂ ಇಲ್ಲ. ನನ್ನ ಆಸೆ ಇಷ್ಟೇ, ಅವನಿಗೆ ತೋರಿಸಿದ ತಾಳ್ಮೆಯನ್ನು ಬೋನಸ್ ನೋಡದೆ ಉಳಿದವರಿಗೂ ತೋರಿಸಲಿ.

ಜುಲೈ 31ರ ರಾತ್ರಿ ನಾವು ಟಿವಿ ಮುಂದೆ ಇದ್ದೆವು. ಎದುರು ಟೊರೊಂಟೊ, ಬೇಸ್ ಮೂರೂ ಭರ್ತಿ. ಜಾಕ್ಸನ್ ಬೀಸಿದ. ಚೆಂಡು 439 ಅಡಿ ಹಾರಿ ಮೈದಾನದಾಚೆಯ ಯೂಟಾ ಸ್ಟ್ರೀಟ್ ಮೇಲೆ ಬಿತ್ತು. ಮೇಜರ್ ಲೀಗ್‌ನಲ್ಲಿ ಅವನ ಮೊದಲ ಹೋಮ್ ರನ್ನೇ ಗ್ರ್ಯಾಂಡ್ ಸ್ಲಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. ಮಗಳು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಆ ಸೀಸನ್ ಮುಗಿದಾಗ ಸರಾಸರಿ .189 ಮಾತ್ರ, ಎಲ್ಲಾ ಒಂದೇ ರಾತ್ರಿಗೆ ಸರಿಹೋಗಲಿಲ್ಲ. ಆದರೆ 2025ರಲ್ಲಿ ಪೂರ್ತಿ ಸೀಸನ್ ಆಡಿ 17 ಹೋಮ್ ರನ್ ಹೊಡೆದ.

ಮೇ ತಿಂಗಳ ಆ ಸಂಜೆ ಆಟ ಮುಗಿದ ಮೇಲೆ ಮಕ್ಕಳೆಲ್ಲ ಜಾಕ್ಸನ್ ಸಹಿಗೆ ಮುಗಿಬಿದ್ದಿದ್ದರು. ನನ್ನ ಮಗಳಿಗೆ ನುಗ್ಗಲು ಆಗಲಿಲ್ಲ. ಆ ಕಡೆ ಇನ್ನೊಬ್ಬ ಆಟಗಾರ ಒಬ್ಬನೇ ಬರುತ್ತಿದ್ದ. ಇವಳ ಕೈಲಿದ್ದ ಚೆಂಡು ನೋಡಿ ತಾನಾಗೇ ನಿಂತ. ಹೆಸರು ಕೇಳಿದ. ಒಂದೊಂದೇ ಅಕ್ಷರ ಕೇಳಿಕೊಂಡು, ತಪ್ಪಿಲ್ಲದೆ ಇವಳ ಹೆಸರು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟ. ಆಗಸ್ಟ್‌ನಲ್ಲಿ ಮತ್ತೆ ಹೋದಾಗ ತಂಡದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಚೆಂಡು ಈಗಲೂ ಅವಳ ಓದುವ ಮೇಜಿನ ಮೇಲಿದೆ.